ಹಳೇ ಕಂಪ್ಯೂಟರಿನ ವಿಂಡೋಸ್ ಲೈಸೆನ್ಸ್ ಹೊಸದಕ್ಕೆ ತಂದೆವು | ಸೋಮವಾರಪೇಟೆ ವ್ಲಾಗ್

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಎರಡು ಕಂಪ್ಯೂಟರ್ ಇವೆ ನೋಡಿ. ಎಡಗಡೆ ಇರುವುದು ನಮ್ಮ ಮನೆಯ ಹಳೆಯದು. ಬಲಗಡೆ ಇರುವುದು ಕುಶಾಲನಗರದಲ್ಲಿ ಅಸೆಂಬಲ್ ಮಾಡಿಸಿ ತಂದ ಹೊಸದು. ಹಳೆಯದರಲ್ಲಿ ದುಡ್ಡು ಕೊಟ್ಟು ತಗೊಂಡ ವಿಂಡೋಸ್ ಇದೆ. ಅದರ ಲೈಸೆನ್ಸನ್ನು ಹೊಸದಕ್ಕೆ ತರಬೇಕು. ಇವತ್ತಿನ ವಿಡಿಯೋ ಪೂರ್ತಿ ಅದೇ ಕೆಲಸ.

"ಒಂದು ಸಲ ದುಡ್ಡು ಕೊಟ್ಟಾಗಿದೆ ಅಲ್ವಾ, ಮತ್ತೆ ಯಾಕೆ ಕೊಡಬೇಕು?" ಅಂತ ಅಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ. ವಿಂಡೋಸ್ ಪ್ರೊ ಹೊಸದಾಗಿ ತಗೊಂಡರೆ 10 ಸಾವಿರ ರೂಪಾಯಿಗೂ ಜಾಸ್ತಿ ಆಗುತ್ತದೆ. ಸುಮ್ನೆ ಎರಡನೇ ಸಲ ಕೊಡುವಂಥ ದುಡ್ಡಲ್ಲ ಅದು.

ಹಳೇ ಕಂಪ್ಯೂಟರ್ ಕೆಟ್ಟಿಲ್ಲ. ತೋಟದ ಲೆಕ್ಕ, ಕೆಲಸದವರ ಸಂಬಳದ ಲೆಕ್ಕ, ಕಾಫಿ, ಮೆಣಸು ಮಾರಿದ ಬಿಲ್ಲು, ಎಲ್ಲವೂ ಅದರಲ್ಲೇ ಇತ್ತು. ಆದರೆ ಅದರಲ್ಲಿರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ನಂತರದ್ದು ಬೇಕು. ನಮ್ಮದು ನಾಲ್ಕನೇ ತಲೆಮಾರಿನದು. ಬ್ಯಾಂಕಿನ ಕೆಲಸವೂ ಇದರಲ್ಲೇ ಆಗುವುದರಿಂದ ಸೆಕ್ಯುರಿಟಿ ಅಪ್‌ಡೇಟ್ ಬಾರದ ಕಂಪ್ಯೂಟರ್ ಇಟ್ಟುಕೊಳ್ಳುವುದು ನನಗೆ ಸರಿ ಅನ್ನಿಸಲಿಲ್ಲ. ಹಾಗಾಗಿ ಹೊಸದು ತಂದೆವು.

ಈಗ ಮುಖ್ಯ ವಿಷಯ. ಲೈಸೆನ್ಸ್ ತರಲು ಆಗುತ್ತದಾ ಇಲ್ವಾ ಅನ್ನುವುದು ಅದು ಯಾವ ಜಾತಿಯ ಲೈಸೆನ್ಸ್ ಅನ್ನುವುದರ ಮೇಲೆ ನಿಂತಿದೆ. ಅಂಗಡಿಯಲ್ಲಿ ಇದನ್ನು ಯಾರೂ ನಮಗೆ ಬಿಡಿಸಿ ಹೇಳುವುದಿಲ್ಲ. "ವಿಂಡೋಸ್ ಹಾಕಿ ಕೊಟ್ಟಿದ್ದೀವಿ ಅಕ್ಕ" ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ದುಡ್ಡು ಕೊಡುವವರು ನಾವು. ಯಾವ ಲೈಸೆನ್ಸ್ ಅಂತ ಕೇಳಲೇಬೇಕು.

ಬ್ರ್ಯಾಂಡೆಡ್ ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್ ಜೊತೆಗೇ ಬರುವುದು ಓಇಎಂ ಲೈಸೆನ್ಸ್. ಅದು ಆ ಮೆಷಿನ್ನಿನ ಮದರ್‌ಬೋರ್ಡಿಗೆ, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡಿಗೆ ಸೇರಿದ್ದು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇದ್ದ ಹಾಗೆ, ಮರ ಬಿದ್ದರೆ ಬಳ್ಳಿಯೂ ನೆಲಕ್ಕೆ. ವಿಂಡೋಸ್ 8 ಬಂದ ಮೇಲಿನ ಮೆಷಿನ್‌ಗಳಲ್ಲಿ ಲೈಸೆನ್ಸಿನ ಕೀ, ಅಂದರೆ ಅದರ ಕೋಡ್, ಬಯಾಸ್ (ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್) ಒಳಗೇ ಕೂತಿರುತ್ತದೆ. ಹಿಂದೆ ಲ್ಯಾಪ್‌ಟಾಪ್ ಅಡಿಯಲ್ಲಿ ಕೀ ಬರೆದ ಸ್ಟಿಕ್ಕರ್ ಇರುತ್ತಿತ್ತು, ಈಗ ಕಾಣುವುದಿಲ್ಲ, ಕಾರಣ ಇದೇ. ಅದೇ ಮೆಷಿನ್‌ನಲ್ಲಿ ವಿಂಡೋಸ್ ಅಳಿಸಿ ಎಷ್ಟು ಸಲ ಬೇಕಾದರೂ ಮತ್ತೆ ಹಾಕಬಹುದು. ಬೇರೆ ಮೆಷಿನ್‌ಗೆ ಮಾತ್ರ ತಗೊಂಡು ಹೋಗುವ ಹಾಗಿಲ್ಲ.

ಎರಡನೆಯದು ರಿಟೇಲ್. ಕಂಪ್ಯೂಟರ್ ಜೊತೆ ಬರದೆ ಬೇರೆಯಾಗಿ ಕೊಂಡದ್ದು. ಇದು ಕೊಂಡವರ ಜೊತೆ ಬರುತ್ತದೆ. ಒಂದು ಹೊತ್ತಿಗೆ ಒಂದೇ ಕಂಪ್ಯೂಟರ್‌ನಲ್ಲಿ ಇರಬೇಕು, ಅಷ್ಟೇ ಷರತ್ತು. ಮೂರನೆಯದು ವಾಲ್ಯೂಮ್ ಲೈಸೆನ್ಸ್. ಕಾಲೇಜು, ಆಫೀಸುಗಳಿಗೆ ಒಟ್ಟಾಗಿ ಕೊಡುವಂಥದ್ದು. ಅದು ನಮ್ಮ ನಿಮ್ಮ ಮನೆಗೆ ಅಲ್ಲ.

ನಮ್ಮದು ಯಾವುದು ಅಂತ ನೋಡೋಣ. ಹಳೇ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ ತೆಗೆದಿದ್ದೇನೆ. ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆಗೆಯಿರಿ. ಈಗ ಟೈಪ್ ಮಾಡುವುದು ಎಸ್‌ಎಲ್‌ಎಂಜಿಆರ್, ಒಂದು ಸ್ಪೇಸ್, ಸ್ಲ್ಯಾಶ್, ಡಿಎಲ್‌ಐ (slmgr /dli). ಎಂಟರ್ ಒತ್ತಿದೆ. ಸ್ವಲ್ಪ ಹೊತ್ತು ಬೇಕು... ಬಂತು. ಈ ಚಿಕ್ಕ ಪೆಟ್ಟಿಗೆಯ ಎರಡನೇ ಸಾಲು ನೋಡಿ. ರಿಟೇಲ್ ಚಾನೆಲ್ ಅಂತ ಇದೆ. ನನಗೆ ನಿಜವಾಗಲೂ ಖುಷಿ ಆಯಿತು. ಅಣ್ಣ ಅವತ್ತು ಬಾಕ್ಸ್ ಪೀಸೇ ಬೇಕು ಅಂತ ಹಟ ಹಿಡಿದು ತಂದಿದ್ದ. ಆ ಬಾಕ್ಸ್ ಇವತ್ತಿಗೂ ಬೀರುವಿನಲ್ಲಿದೆ. ಒಳಗೆ ಪೆನ್‌ಡ್ರೈವ್, ಜೊತೆಗೆ 25 ಅಕ್ಷರದ ಕೀ ಇರುವ ಕಾರ್ಡ್. ಕೀ ಕಾಣದ ಹಾಗೆ ಮಸುಕು ಮಾಡಿದ್ದೇನೆ. ನೀವೂ ನಿಮ್ಮ ಕೀಯ ಫೋಟೋ ವಾಟ್ಸಾಪ್ ಗ್ರೂಪಿಗೆಲ್ಲ ಹಾಕಬೇಡಿ.

ಓಇಎಂ ಅಂತ ಬಂದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಪಕ್ಕದ ತೋಟದ ಅಣ್ಣನ ಕಥೆ ಹೇಳುತ್ತೇನೆ. ಹೇಳಬಹುದು ಅಂತ ಅವರೇ ಒಪ್ಪಿದ್ದಾರೆ. ನಮ್ಮಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಸಮಯದಲ್ಲಿ ಗುಡುಗು, ಸಿಡಿಲು ಹೇಗಿರುತ್ತದೆ ಅಂತ ಕೊಡಗಿನವರಿಗೆ ಗೊತ್ತು. ಕಾಫಿಗೆ ಆ ಮಳೆ ಬೇಕೇ ಬೇಕು, ಕಂಪ್ಯೂಟರಿಗೆ ಮಾತ್ರ ಅದು ಶತ್ರು. ಒಂದು ಸಂಜೆ ಹತ್ತಿರದಲ್ಲೇ ಸಿಡಿಲು ಬಡಿದು ಅವರ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಸುಟ್ಟುಹೋಯಿತು. ವಾರಂಟಿ ಮುಗಿದಿತ್ತು. ವಾರಂಟಿಯಲ್ಲಿದ್ದು ಕಂಪನಿಯವರೇ ಬೋರ್ಡ್ ಬದಲಿಸಿದ್ದರೆ ಲೈಸೆನ್ಸ್ ಉಳಿಯುತ್ತಿತ್ತು. ಇಲ್ಲಿ ರಿಪೇರಿಯವರು ಬೇರೆ ಬೋರ್ಡ್ ಹಾಕಿದರು, ಯಾವುದೋ ಕೀ ಹಾಕಿ ವಿಂಡೋಸ್ ಓಡಿಸಿ ಕೊಟ್ಟರು. ಸುಮಾರು ಅರ್ಧ ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಪರದೆಯ ಬಲಗಡೆ ಕೆಳಗೆ "ಆಕ್ಟಿವೇಟ್ ವಿಂಡೋಸ್" ಅಂತ ಬೂದು ಅಕ್ಷರ ಬಂದು ಕೂತಿತು, ಅಂದರೆ ಲೈಸೆನ್ಸ್ ಈಗ ಚಾಲ್ತಿಯಲ್ಲಿ ಇಲ್ಲ ಅಂತ.

ಅರ್ಧ ವರ್ಷಕ್ಕೇ ಯಾಕೆ? ವಾಲ್ಯೂಮ್ ಲೈಸೆನ್ಸಿನಲ್ಲಿ ಕೆಎಂಎಸ್ ಅಂತ ಒಂದು ಬಗೆ ಇದೆ. ಅದರಲ್ಲಿ ಆಕ್ಟಿವೇಶನ್ 180 ದಿನಕ್ಕೆ ಮಾತ್ರ. ಅಷ್ಟರೊಳಗೆ ಸಂಸ್ಥೆಯ ಸರ್ವರ್ ಸಂಪರ್ಕಕ್ಕೆ ಬಂದು ನವೀಕರಣ ಆಗಬೇಕು. ಸೋಮವಾರಪೇಟೆಯ ತೋಟದ ಮನೆಗೆ ಎಲ್ಲಿಯ ಸಂಸ್ಥೆ, ಎಲ್ಲಿಯ ಸರ್ವರ್? ನಾನು ಅವರ ಮೆಷಿನ್‌ನಲ್ಲೂ ಡಿಎಲ್‌ಐ ಹಾಕಿ ನೋಡಿದೆ, ವಾಲ್ಯೂಮ್ ಅಂತಲೇ ಬಂತು. ಅಣ್ಣ ಅದಕ್ಕೂ ದುಡ್ಡು ಕೊಟ್ಟಿದ್ದರು. ಇದು ನನಗೆ ತುಂಬಾ ಬೇಜಾರಾದ ವಿಷಯ. ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಕೀಗಳಲ್ಲೂ ಇಂಥವು ಇರುತ್ತವೆ. ದಯವಿಟ್ಟು ತಗೊಳ್ಳಬೇಡಿ.

ಸರಿ, ಈಗ ವರ್ಗಾವಣೆ. ಮೊದಲು ಹಳೆಯದರಲ್ಲಿ ಒಂದು ಕೆಲಸ. ಸೆಟ್ಟಿಂಗ್ಸ್ ಒಳಗೆ ಆಕ್ಟಿವೇಶನ್ ಪುಟಕ್ಕೆ ಹೋಗಿ. "ಡಿಜಿಟಲ್ ಲೈಸೆನ್ಸ್, ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಲಾಗಿದೆ" ಅನ್ನುವ ಅರ್ಥದ ಇಂಗ್ಲಿಷ್ ಸಾಲು ಇರಬೇಕು. ಇಲ್ಲದಿದ್ದರೆ ನಿಮ್ಮ ಅಕೌಂಟಿನಿಂದ ಸೈನ್ ಇನ್ ಆಗಿ ಜೋಡಿಸಿ. ಈ ಸೌಲಭ್ಯ 2016ರಲ್ಲಿ ಬಂದ ವಿಂಡೋಸ್ 10ರ 1607 ಆವೃತ್ತಿಯಿಂದ ಇದೆ. ಹಳೇ ಮೆಷಿನ್ ಜೀವಂತ ಇರುವಾಗಲೇ ಇದನ್ನು ಮಾಡಿಕೊಳ್ಳಬೇಕು. ಸಿಡಿಲು ಬಡಿದ ಮೇಲೆ ಸೈನ್ ಇನ್ ಮಾಡಲು ಕಂಪ್ಯೂಟರೇ ಇರುವುದಿಲ್ಲ. ಬೇರೇನೂ ಮಾಡದಿದ್ದರೂ ಮಳೆಗಾಲಕ್ಕೆ ಮೊದಲು ಇದೊಂದನ್ನು ಮಾಡಿಡಿ.

ಆಮೇಲೆ ಹಳೆಯದರಿಂದ ಕೀ ತೆಗೆಯುವುದು. ಎಸ್‌ಎಲ್‌ಎಂಜಿಆರ್ ಸ್ಲ್ಯಾಶ್ ಯುಪಿಕೆ (slmgr /upk). ಕೀ ಹೋಯಿತು ಅಂತ ಸಂದೇಶ ಬಂತು. ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗದಲ್ಲಿ ಉಳಿದ ಗುರುತು ಅಳಿಸಲು ಸ್ಲ್ಯಾಶ್ ಸಿಪಿಕೆವೈ (slmgr /cpky). ಒಂದು ವಿಷಯ ಗಮನದಲ್ಲಿರಲಿ. ಕೀ ತೆಗೆದದ್ದು ಮೈಕ್ರೋಸಾಫ್ಟ್ ಸರ್ವರ್‌ಗೆ ತಿಳಿಯುವುದಿಲ್ಲ. ಅದು ಈ ಕಂಪ್ಯೂಟರ್‌ನಲ್ಲಿ ಆಗುವ ಬದಲಾವಣೆ ಮಾತ್ರ. ಅದರ ಪರಿಣಾಮ ಇನ್ನು ಸ್ವಲ್ಪ ಹೊತ್ತಿಗೆ ನೋಡುತ್ತೀರಿ.

ಹೊಸದರ ಕಡೆ ಬನ್ನಿ. ವಿಂಡೋಸ್ 11 ಹಾಕುವಾಗ ಹೋಮ್ ಬೇಕಾ ಪ್ರೊ ಬೇಕಾ ಅಂತ ಕೇಳುತ್ತದೆ. ನಮ್ಮ ಕೀ ಪ್ರೊ, ಹಾಗಾಗಿ ಪ್ರೊ. ಡಿಜಿಟಲ್ ಲೈಸೆನ್ಸ್‌ಗೆ ಎರಡೂ ಕಡೆ ಒಂದೇ ಎಡಿಷನ್ ಇರಬೇಕು. ಕೀ ಕೇಳಿದಾಗ "ನನ್ನ ಬಳಿ ಕೀ ಇಲ್ಲ" ಅನ್ನುವುದನ್ನು ಒತ್ತಿ ಮುಂದೆ ಹೋಗಬಹುದು, ಆಮೇಲೆ ಹಾಕಿದರೂ ನಡೆಯುತ್ತದೆ. ಮುಂದೆ ಇಂಟರ್ನೆಟ್ ಕೇಳಿತು. ವೈಫೈ ಡ್ರೈವರ್ ಇನ್ನೂ ಇರಲಿಲ್ಲ. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ (ಮೊಬೈಲಿನ ಇಂಟರ್ನೆಟ್ ಕಂಪ್ಯೂಟರಿಗೆ ಕೊಡುವುದು) ಆನ್ ಮಾಡಿದೆ, ಹಿಡಿದುಕೊಂಡಿತು. ಸಿಗ್ನಲ್‌ಗಾಗಿ ಮೊಬೈಲನ್ನು ಕಿಟಕಿಯ ಅಂಚಿನಲ್ಲಿ ಇಟ್ಟಿರುವುದು ಕಾಣುತ್ತಿದೆ ಅಲ್ವಾ? ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇರುವ ಜಾಗ ಅದು. ಕೆಲಸ ನಡೆಯುವಾಗ ಕರೆಂಟ್ ಹೋಗಬಾರದು ಅಂತ ಯುಪಿಎಸ್ ಕೂಡ ಹಾಕಿದ್ದೆ.

ಬಾಕ್ಸ್ ವಿಂಡೋಸ್ 10ರದ್ದು, ಹೊಸದರಲ್ಲಿ ಇರುವುದು 11. ಅದರಿಂದ ತೊಂದರೆ ಇಲ್ಲ, 10ರ ರಿಟೇಲ್ ಕೀ 11ಕ್ಕೂ ನಡೆಯುತ್ತದೆ. ವಿಂಡೋಸ್ 7, 8ರ ಕೀಯನ್ನು 10, 11ಕ್ಕೆ ಹೊಸದಾಗಿ ಹಾಕುವ ದಾರಿಯನ್ನು ಮಾತ್ರ 2023ರಲ್ಲಿ ಮುಚ್ಚಿದರು.

ಕೀ ಹಾಕಿದೆ. ಮೊದಲಿಗೆ ಬಂದದ್ದು ಈ ಎರರ್. ಸೊನ್ನೆ ಎಕ್ಸ್ ಸಿ 004 ಸಿ 008. ಈ ಕೀ ಬೇರೆ ಕಂಪ್ಯೂಟರ್‌ನಲ್ಲಿ ಬಳಕೆಯಲ್ಲಿದೆ ಅಂತ ಅರ್ಥ. ಹೇಳಿದ್ದೆನಲ್ಲ, ನಾವು ಹಳೆಯದರಿಂದ ತೆಗೆದದ್ದು ಸರ್ವರ್‌ಗೆ ಗೊತ್ತಿಲ್ಲ. ಗಾಬರಿ ಬೇಡ, ಇದಕ್ಕೆ ದಾರಿ ಇದೆ.

ಅದೇ ಮೈಕ್ರೋಸಾಫ್ಟ್ ಅಕೌಂಟಿನಿಂದ ಇಲ್ಲೂ ಸೈನ್ ಇನ್ ಆಗಿದ್ದೇನೆ. ಆಕ್ಟಿವೇಶನ್ ಪುಟದಲ್ಲಿ ಟ್ರಬಲ್‌ಶೂಟ್ ಒತ್ತಿದೆ. "ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ" ಅನ್ನುವ ಲಿಂಕ್ ಬಂತು, ಅದನ್ನು ಒತ್ತಿದೆ. ನಮ್ಮ ಅಕೌಂಟಿನಲ್ಲಿರುವ ಕಂಪ್ಯೂಟರ್‌ಗಳ ಪಟ್ಟಿ ಬಂತು. ಹಳೆಯದರ ಹೆಸರನ್ನು ಆರಿಸಿ, "ನಾನು ಈಗ ಬಳಸುತ್ತಿರುವುದು ಇದೇ" ಅನ್ನುವ ಚೌಕಕ್ಕೆ ಟಿಕ್ ಹಾಕಿ, ಆಕ್ಟಿವೇಟ್ ಒತ್ತಿದೆ.

ಆಯಿತು! ಹಸಿರು ಟಿಕ್ ಬಂತು. ಅಪ್ಪ ಹಿಂದೆ ನಿಂತು "ದುಡ್ಡು ಕೇಳಲಿಲ್ವಾ?" ಅಂದದ್ದು ಕೇಳಿಸಿತಾ? ಒಂದು ರೂಪಾಯಿಯೂ ಕೇಳಲಿಲ್ಲ. ಹೀಗೂ ಆಗದಿದ್ದರೆ ಮೈಕ್ರೋಸಾಫ್ಟ್ ಸಪೋರ್ಟಿನವರ ಜೊತೆ ಮಾತಾಡಿ, ಬಾಕ್ಸ್ ಮತ್ತು ಬಿಲ್ಲು ಕೈಯಲ್ಲಿರಲಿ.

ಹಳೆಯದರ ಡಿಸ್ಕ್ ಪೂರ್ತಿ ಅಳಿಸಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದೆ. ಅಳಿಸುವ ಮೊದಲು ತೋಟದ ಲೆಕ್ಕವೆಲ್ಲ ಹೊಸದಕ್ಕೆ ಬಂದಿದೆಯಾ ಅಂತ ಅಪ್ಪ ಒಂದೊಂದೇ ಫೈಲ್ ತೆಗೆದು ನೋಡಿದರು. ಲಿನಕ್ಸ್‌ಗೆ ಲೈಸೆನ್ಸ್ ಕೀ ಅನ್ನುವ ಮಾತೇ ಇಲ್ಲ, ಅಪ್‌ಡೇಟ್ ಬರುತ್ತದೆ, ಕನ್ನಡ ಟೈಪ್ ಮಾಡಲು ಕಗಪ ಕೀಲಿಮಣೆಯೂ ಇದೆ. ಅಮ್ಮನಿಗೆ ಅಡುಗೆ ವಿಡಿಯೋ ನೋಡಲು, ಮಕ್ಕಳಿಗೆ ಓದಲು ಇಷ್ಟು ಧಾರಾಳ ಸಾಕು.

ಪಕ್ಕದ ತೋಟದ ಅಣ್ಣ ಈಗ ರಿಟೇಲ್ ಲೈಸೆನ್ಸ್ ತಗೊಳ್ಳುವುದಾಗಿ ಹೇಳಿದ್ದಾರೆ. ಬಿಲ್ಲಿನಲ್ಲಿ ರಿಟೇಲ್ ಅಂತ ಬರೆಸಿಕೊಳ್ಳಿ ಅಂದಿದ್ದೇನೆ. ಭಾನುವಾರ ಅವರ ಮನೆಗೆ ಹೋಗಿ ಅಕೌಂಟಿಗೆ ಜೋಡಿಸಿ ಕೊಡುತ್ತೇನೆ. ಅದನ್ನೂ ಶೂಟ್ ಮಾಡುತ್ತೇನೆ.