ಕೊಟ್ಟ ಆಕ್ಸೆಸ್ ವಾಪಸ್ ಪಡೆಯುವವರು ಯಾರು?

ಕೇಳುಗರೇ, ನಮಸ್ಕಾರ.

2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಿಸ್ಕೊ ಕಂಪನಿಯ ವೆಬೆಕ್ಸ್ ಟೀಮ್ಸ್ ಎಂಬ ಆನ್‌ಲೈನ್ ಮೀಟಿಂಗ್, ಮೆಸೇಜ್ ಸೇವೆ ಬಹಳ ಜನರಿಗೆ ಇದ್ದಕ್ಕಿದ್ದಂತೆ ನಿಂತುಹೋಯಿತು. ಅದನ್ನು ನಡೆಸುತ್ತಿದ್ದ 456 ವರ್ಚುವಲ್ ಮಷಿನ್‌ಗಳನ್ನು, ಅಂದರೆ ಸಾಫ್ಟ್‌ವೇರ್‌ನಲ್ಲೇ ರೂಪಿಸಿದ ಕಂಪ್ಯೂಟರ್‌ಗಳನ್ನು, ಒಬ್ಬ ವ್ಯಕ್ತಿ ಅಳಿಸಿಹಾಕಿದ್ದ. 16 ಸಾವಿರಕ್ಕೂ ಜಾಸ್ತಿ ಖಾತೆಗಳು ಬಂದ್ ಆದವು. ಕೆಲವರಿಗೆ ಎರಡು ವಾರದ ತನಕ ಸೇವೆ ಸಿಗಲಿಲ್ಲ. ಸರಿಪಡಿಸಲು ಸಿಬ್ಬಂದಿಯ ಸಮಯದ ಲೆಕ್ಕದಲ್ಲೇ ಸುಮಾರು 14 ಲಕ್ಷ ಡಾಲರ್ ಖರ್ಚಾಯಿತು. ಗ್ರಾಹಕರಿಗೆ 10 ಲಕ್ಷ ಡಾಲರಿಗೂ ಹೆಚ್ಚು ವಾಪಸ್ ಕೊಡಬೇಕಾಯಿತು. ಇದನ್ನು ಮಾಡಿದವನು ಅದೇ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದು, ಆ ವರ್ಷದ ಏಪ್ರಿಲ್‌ನಲ್ಲೇ ರಾಜೀನಾಮೆ ಕೊಟ್ಟು ಹೋಗಿದ್ದವನು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಎರಡು ವರ್ಷ ಜೈಲಾಯಿತು.

ಈ ಪ್ರಕರಣದ ಎರಡು ಸಂಗತಿ ನನ್ನನ್ನು ಕಾಡುತ್ತವೆ. ಕೆಲಸ ಬಿಟ್ಟು ಐದು ತಿಂಗಳಾದವನಿಗೆ ಒಳಗೆ ಹೋಗಲು ಆಯಿತು. ಹೋದವನ ಕೈಗೆ ಅಷ್ಟೊಂದು ಮಷಿನ್‌ಗಳು ಒಟ್ಟಿಗೇ ಸಿಕ್ಕವು. ಸಾಫ್ಟ್‌ವೇರನ್ನು ಹಗಲು ರಾತ್ರಿ ನಡೆಸಿಕೊಂಡು ಹೋಗುವ ತಂಡಗಳನ್ನು ನಾವು ಆಪ್ಸ್ ಟೀಮ್ ಅನ್ನುತ್ತೇವೆ. ಈ ತಂಡಗಳು ಈ ಎರಡನ್ನೂ ತಡೆಯಬಹುದು. ಹೇಗೆ ಅಂತ ಇವತ್ತು ಮಾತಾಡೋಣ.

ಆಕ್ಸೆಸ್, ಅಂದರೆ ಸಿಸ್ಟಮ್ ಒಳಗೆ ಹೋಗುವ ಅನುಮತಿ, ಬೇಕಾದಾಗ ಕೇಳುವವರು ಇರುತ್ತಾರೆ. ಮೇಲಿಂದ ಮೇಲೆ ಮೆಸೇಜ್ ಮಾಡುತ್ತಾರೆ, ಕುರ್ಚಿಯ ಪಕ್ಕಕ್ಕೇ ಬಂದು ನಿಲ್ಲುತ್ತಾರೆ. ಕೆಲಸ ಮುಗಿದ ಮೇಲೆ 'ನನ್ನ ಆಕ್ಸೆಸ್ ತೆಗೆದುಬಿಡಿ' ಅಂತ ಯಾರೂ ಬಂದು ಹೇಳುವುದಿಲ್ಲ, ಅಲ್ವಾ? ಹಾಗಾಗಿ ಅದು ಸುಮ್ನೆ ಕೂಡುತ್ತಾ ಹೋಗುತ್ತದೆ.

ಹಳೆಯ ಲಿನಕ್ಸ್ ಸರ್ವರ್ ಒಂದರಲ್ಲಿ 'ಆಥರೈಸ್ಡ್ ಕೀಸ್' ಅನ್ನುವ ಫೈಲ್ ತೆರೆದು ನೋಡಿ. ಆ ಸರ್ವರ್ ಯಾರನ್ನು ಒಳಗೆ ಬಿಡಬೇಕು ಅನ್ನುವುದು ಅದರಲ್ಲಿರುತ್ತದೆ. ಒಬ್ಬೊಬ್ಬರದೂ ಒಂದೊಂದು ಉದ್ದನೆಯ ಸಾಲು, ಓದಲು ಬಾರದ ಅಕ್ಷರಗಳ ಸರ. ಸಾಲಿನ ಕೊನೆಯಲ್ಲಿ ಒಂದು ಹೆಸರು, ಅದರ ಪಕ್ಕ ಯಾವುದೋ ಲ್ಯಾಪ್‌ಟಾಪಿನ ಹೆಸರು. ಕೆಲವರು ಈಗಲೂ ಟೀಮಿನಲ್ಲಿದ್ದಾರೆ. ಕೆಲವರು ಬೇರೆ ಕಂಪನಿ ಸೇರಿ ಎಷ್ಟೋ ಕಾಲವಾಗಿದೆ. 'ಟೆಂಪ್' ಅಂತ ಬರೆದ ಸಾಲೂ ಒಂದಿರುತ್ತದೆ. ಅದನ್ನು ಅಳಿಸಲು ಯಾರಿಗೂ ಧೈರ್ಯವಿಲ್ಲ. ಅಳಿಸಿದರೆ ರಾತ್ರಿ ಓಡುವ ಯಾವ ಬ್ಯಾಕಪ್ ನಿಂತುಹೋಗುತ್ತದೋ ಅನ್ನುವ ಭಯ.

ಇದಕ್ಕೆ ಬಹಳ ಕಡೆ ಮಾಡುವ ಉಪಾಯ ಅಂದರೆ ಮೂರು ತಿಂಗಳಿಗೊಮ್ಮೆ ಆಕ್ಸೆಸ್ ರಿವ್ಯೂ. ನೂರಾರು ಸಾಲಿನ ಎಕ್ಸೆಲ್ ಶೀಟ್ ಮ್ಯಾನೇಜರ್ ಕೈಗೆ ಬರುತ್ತದೆ. ಅವರಿಗೋ ನೂರೆಂಟು ಕೆಲಸ. ಎಲ್ಲದಕ್ಕೂ ಯೆಸ್ ಹಾಕಿ ಕಳಿಸುತ್ತಾರೆ. ಆಡಿಟರ್‌ಗೆ ತೋರಿಸಲು ಕಾಗದವೊಂದು ಸಿಗುತ್ತದೆ, ಅಷ್ಟೇ. ಇದರಿಂದ ಹಳೆಯ ಆಕ್ಸೆಸ್ ಹೋಗುತ್ತದೆ ಅಂತ ನಾನು ನಂಬುವುದಿಲ್ಲ.

ಆಕ್ಸೆಸ್ ಕೊಡುವಾಗಲೇ ಅದು ಯಾವಾಗ ಮುಗಿಯಬೇಕು ಅಂತ ಬರೆದುಬಿಡಬೇಕು. ತೆಗೆಯುವ ಕೆಲಸ ಮಷಿನ್ ಮಾಡಲಿ. ಇದೇನು ಹೊಸ ತಂತ್ರಜ್ಞಾನ ಅಲ್ಲ. ಸರ್ವರ್‌ಗೆ ಲಾಗಿನ್ ಆಗಲು ಎಲ್ಲರೂ ಬಳಸುವ ಓಪನ್ ಎಸ್‌ಎಸ್‌ಎಚ್‌ನಲ್ಲಿ 2010ರಿಂದಲೇ ಸರ್ಟಿಫಿಕೇಟ್ ಸೌಲಭ್ಯ ಇದೆ, ಅಂದರೆ ಅವಧಿ ಬರೆದ ಡಿಜಿಟಲ್ ಪಾಸ್ ಇದ್ದ ಹಾಗೆ. ಒಂದು ಗಂಟೆಗೆ ಅಂತ ಕೊಟ್ಟರೆ, ಗಂಟೆ ಕಳೆದ ಮೇಲೆ ಅದರಿಂದ ಹೊಸದಾಗಿ ಲಾಗಿನ್ ಆಗಲು ಬರುವುದಿಲ್ಲ. ಯಾರೂ ನೆನಪಿಟ್ಟುಕೊಂಡು ಅಳಿಸಬೇಕಾಗಿಲ್ಲ.

ರಾತ್ರಿ ಎರಡು ಗಂಟೆಗೆ ಪೇಮೆಂಟ್ ನಿಂತುಹೋಗಿದೆ ಅಂದುಕೊಳ್ಳಿ. ಆನ್‌ಕಾಲ್‌ನಲ್ಲಿರುವ ಹುಡುಗಿಗೆ ಫೋನ್ ಹೊಡೆದುಕೊಳ್ಳುತ್ತದೆ. ಅವಳು ಎದ್ದು ಲ್ಯಾಪ್‌ಟಾಪ್ ತೆರೆದು ಪೇಮೆಂಟ್ ಡೇಟಾಬೇಸ್‌ಗೆ ಆಕ್ಸೆಸ್ ಕೇಳುತ್ತಾಳೆ. ಸಿಸ್ಟಮ್ ಡ್ಯೂಟಿ ಪಟ್ಟಿ ನೋಡುತ್ತದೆ. ಈ ರಾತ್ರಿ ಇವಳದೇ ಪಾಳಿ, ಸರಿ. ತೊಂದರೆಯ ಬಗ್ಗೆ ಟಿಕೆಟ್ ತೆರೆದಿದೆ, ಅದೂ ಸರಿ. ಅರ್ಧ ನಿಮಿಷದಲ್ಲಿ ಆಕ್ಸೆಸ್ ಬಂತು, ಒಂದು ಗಂಟೆಗೆ. ಮ್ಯಾನೇಜರನ್ನು ನಿದ್ದೆಯಿಂದ ಎಬ್ಬಿಸಬೇಕಾಗಿಲ್ಲ. ಅವಳು ಏನೇನು ಮಾಡಿದಳು ಅನ್ನುವುದು ಅವಳ ಹೆಸರಿನಲ್ಲೇ ಲಾಗ್ ಆಗುತ್ತದೆ, ಅಂದರೆ ದಾಖಲಾಗುತ್ತದೆ. ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ಅದೇ ಅವಳನ್ನು ಕಾಪಾಡುತ್ತದೆ. 'ನಮ್ಮ ಮೇಲೆ ನಂಬಿಕೆ ಇಲ್ವಾ?' ಅಂತ ಆಪ್ಸ್‌ನವರು ಬೇಜಾರು ಮಾಡಿಕೊಳ್ಳುವುದನ್ನು ನಾನು ಕೇಳಿದ್ದೇನೆ. ಅವರಿಗೆ ಈ ಲಾಗ್ ಬಗ್ಗೆ ಹೇಳಿ. ಎಲ್ಲರೂ 'ಅಡ್ಮಿನ್' ಅನ್ನುವ ಒಂದೇ ಖಾತೆ ಬಳಸುವ ಕಡೆ ತಪ್ಪು ಯಾರ ತಲೆಗಾದರೂ ಬರಬಹುದು.

ನಮ್ಮ ದೇಶದಲ್ಲಿ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಸೈಬರ್ ಘಟನೆ ಗೊತ್ತಾದ ಆರು ಗಂಟೆಯೊಳಗೆ ವರದಿ ಮಾಡಬೇಕು. ಆರು ಗಂಟೆ ಬಹಳ ಕಡಿಮೆ ಹೊತ್ತು. ಯಾರು ಒಳಗೆ ಬಂದರು ಅನ್ನುವುದನ್ನು ಹುಡುಕುವುದರಲ್ಲೇ ಅದು ಕಳೆದುಹೋಗಬಾರದು.

ಇನ್ನು ಎರಡನೆಯ ವಿಷಯ, ಆಕ್ಸೆಸ್ಸನ್ನು ಭಾಗ ಮಾಡುವುದು. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಮಾಲ್‌ವೇರ್ ಉಕ್ರೇನಿನ ಅಕೌಂಟಿಂಗ್ ಸಾಫ್ಟ್‌ವೇರ್ ಒಂದರ ಅಪ್‌ಡೇಟ್ ಮೂಲಕ ಹರಡಿತು. ಸಿಕ್ಕ ಕಂಪ್ಯೂಟರಿನಲ್ಲಿದ್ದ ಪಾಸ್‌ವರ್ಡ್‌ಗಳನ್ನು ಕದ್ದು, ಅದರಿಂದಲೇ ಪಕ್ಕದ ಕಂಪ್ಯೂಟರಿಗೆ ನುಗ್ಗುತ್ತಿತ್ತು. ಡೆನ್ಮಾರ್ಕಿನ ಹಡಗು ಕಂಪನಿ ಮರ್ಸ್ಕ್ ಅದಕ್ಕೆ ಸಿಕ್ಕಿತು. ಕೊನೆಗೆ ಹತ್ತು ದಿನದಲ್ಲಿ 4,000 ಸರ್ವರ್, 45,000 ಪಿ.ಸಿ.ಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಯಾರು ಎಲ್ಲಿಗೆ ಹೋಗಬಹುದು ಅನ್ನುವ ಲೆಕ್ಕವಿಡುವ ಡೊಮೇನ್ ಕಂಟ್ರೋಲರ್‌ಗಳೆಲ್ಲ ಹಾಳಾಗಿ, ಘಾನಾ ದೇಶದ ಕಚೇರಿಯ ಒಂದು ಮಾತ್ರ ಉಳಿದಿತ್ತು. ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿದ್ದರಿಂದ ಅದು ಬಚಾವಾಯಿತು.

ಹಡಗಿನ ತಳದಲ್ಲಿ ಅಡ್ಡಗೋಡೆಗಳಿರುತ್ತವೆ. ಒಂದು ಕಡೆ ತೂತು ಬಿದ್ದರೆ ಆ ಕೋಣೆಗೆ ಮಾತ್ರ ನೀರು ನುಗ್ಗಲಿ ಅಂತ. ಸರ್ವರ್‌ಗಳ ನಡುವೆಯೂ ಅಂಥ ಗೋಡೆ ಬೇಕು. ಟೆಸ್ಟಿಂಗಿನ ಕ್ಲೌಡ್ ಖಾತೆ ಬೇರೆ, ಗ್ರಾಹಕರು ನಿಜವಾಗಿ ಬಳಸುವ ಪ್ರೊಡಕ್ಷನ್ನಿನದು ಬೇರೆ. ಪೇಮೆಂಟ್ ತಂಡಕ್ಕೆ ಪೇಮೆಂಟಿನ ಸರ್ವರ್, ಸರ್ಚ್ ತಂಡಕ್ಕೆ ಸರ್ಚಿನದು. ಲಾಗ್ ಓದಲು ಮಾತ್ರ ಬಂದವರಿಗೆ ಅಳಿಸುವ ಅಧಿಕಾರ ಬೇಡ. ಬ್ಯಾಕಪ್ಪಿಗಂತೂ ಪೂರ್ತಿ ಪ್ರತ್ಯೇಕ ಖಾತೆ, ಪ್ರತ್ಯೇಕ ಜನ. ಡೇಟಾಬೇಸ್ ಅಳಿಸಬಲ್ಲವನ ಕೈಯಲ್ಲೇ ಬ್ಯಾಕಪ್ ಅಳಿಸುವ ಅಧಿಕಾರವೂ ಇದ್ದರೆ ಆ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಮನುಷ್ಯರ ಖಾತೆಗಳಿಗಿಂತ ತಾವಾಗಿಯೇ ಓಡುವ ಸ್ಕ್ರಿಪ್ಟ್‌ಗಳ ಖಾತೆಗಳು ಹೆಚ್ಚಾಗಿರುವ ಕಂಪನಿಗಳು ಎಷ್ಟೋ ಇವೆ. ಅವು ರಾಜೀನಾಮೆ ಕೊಡುವುದಿಲ್ಲ, ಎಚ್.ಆರ್. ಪಟ್ಟಿಯಲ್ಲೂ ಇರುವುದಿಲ್ಲ. ಪ್ರತಿಯೊಂದಕ್ಕೂ ಒಬ್ಬ ವಾರಸುದಾರನ ಹೆಸರು ಬರೆದಿಡಿ. ಆ ವ್ಯಕ್ತಿ ಹೊರಟ ದಿನ ಇನ್ನೊಬ್ಬರು ಅದನ್ನು ವಹಿಸಿಕೊಳ್ಳಲೇಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಅಪಾಯ ಉಳಿಯುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್ ಎಲ್ಲ ಸುಮಾರು ಆರು ಗಂಟೆ ನಿಂತಿದ್ದು ನೆನಪಿರಬಹುದು. ಆ ದಿನ ನೆಟ್‌ವರ್ಕ್ ಜೊತೆಗೆ ಕಂಪನಿಯ ಒಳಗಿನ ಟೂಲ್‌ಗಳೂ ಕೆಟ್ಟವು. ರಿಪೇರಿಗೆ ಡೇಟಾ ಸೆಂಟರಿಗೇ ಜನ ಹೋಗಬೇಕಾಯಿತು. ಬಿಗಿ ಭದ್ರತೆಯಿಂದಾಗಿ ಒಳಗೆ ಹೋಗಿ ಕೆಲಸ ಶುರು ಮಾಡಲು ಅವರಿಗೂ ಹೊತ್ತು ಹಿಡಿಯಿತು. ಆಕ್ಸೆಸ್ ಕೊಡುವ ಸಿಸ್ಟಮ್ಮೇ ಬಿದ್ದರೆ ಏನು ಗತಿ? ಅದಕ್ಕೆ ತುರ್ತು ಖಾತೆ ಒಂದೆರಡು ಇರಬೇಕು, ಆ ಸಿಸ್ಟಮ್ ಮೇಲೆ ಅವಲಂಬಿಸದಂಥವು. ತೆರೆಯಲು ಇಬ್ಬರು ಸೇರಬೇಕು. ಬಳಸಿದ ತಕ್ಷಣ ಇಡೀ ತಂಡಕ್ಕೆ ಮೆಸೇಜ್ ಹೋಗಬೇಕು. ತೊಂದರೆ ಮುಗಿದ ದಿನವೇ ಪಾಸ್‌ವರ್ಡ್ ಬದಲಾಗಬೇಕು. ಆರು ತಿಂಗಳಿಗೊಮ್ಮೆಯಾದರೂ, ಏನೂ ತೊಂದರೆ ಇಲ್ಲದ ಒಂದು ಮಧ್ಯಾಹ್ನ, ಅದು ನಿಜವಾಗಿ ತೆರೆಯುತ್ತದೆಯೇ ಅಂತ ತಂಡದ ಹೊಸಬರ ಕೈಯಲ್ಲೇ ಮಾಡಿಸಿ ನೋಡಿ.

ನಮಸ್ಕಾರ.