ಒಂದು ಕೀ, ಎರಡು ಕೆಲಸ

ನಮಸ್ಕಾರ ಕೇಳುಗರೇ. ಕಾರಿನ ಕೀ ಕೈಕೊಟ್ಟಾಗ ಏನು ನೋಡಬೇಕು, ಯಾವುದನ್ನು ಮೊದಲು ನೋಡಬೇಕು ಎನ್ನುವುದು ಇವತ್ತಿನ ಮಾತು.

ಕೆಲವರಿಗೆ ರಿಮೋಟ್ ಒತ್ತಿದರೂ ಬಾಗಿಲು ತೆರೆಯುವುದಿಲ್ಲ. ಇನ್ನು ಕೆಲವರಿಗೆ ಬಾಗಿಲೇನೋ ತೆರೆಯುತ್ತದೆ, ಇಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಇಬ್ಬರೂ ಗ್ಯಾರೇಜಿಗೆ ಫೋನ್ ಮಾಡಿ ಹೇಳುವುದು ಒಂದೇ ಮಾತು: "ಕೀ ಹೋಗಿದೆ." ಇಷ್ಟನ್ನೇ ಹೇಳಿದರೆ ಎಷ್ಟೋ ಸಲ ಹಣ ದಂಡವಾಗುತ್ತದೆ. ಆ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಮಾಡುವುದು ಎರಡು ಬೇರೆ ಬೇರೆ ಕೆಲಸ. ಬಾಗಿಲು ತೆರೆಯುವ ರಿಮೋಟ್ ಒಂದು, ಇಂಜಿನ್‌ಗೆ ಅನುಮತಿ ಕೊಡಿಸುವ ಇಮ್ಮೊಬಿಲೈಸರ್ ಚಿಪ್ ಇನ್ನೊಂದು. ಕೆಲವು ಕೀಗಳಲ್ಲಿ ಇವೆರಡೂ ಒಂದೇ ಬೋರ್ಡಿನ ಮೇಲೆ ಕೂತಿರುತ್ತವೆ, ಆದರೂ ಕೆಲಸ ಬೇರೆಯೇ. ಒಂದು ಕೆಟ್ಟರೆ ಇನ್ನೊಂದು ಕೆಟ್ಟಿರಬೇಕೆಂದೇನಿಲ್ಲ. ಯಾವುದು ನಿಂತಿದೆ ಎಂದು ಗೊತ್ತಾಗುವವರೆಗೆ ಹೊಸ ಕೀಗೆ ಹಣ ಕೊಡಬೇಡಿ ಎನ್ನುವುದೇ ನನ್ನ ಮುಖ್ಯ ಕೋರಿಕೆ.

ಮೊದಲು ರಿಮೋಟ್ ವಿಷಯ. ಅದು ನಡೆಯುವುದು ಒಳಗಿನ ಬಟನ್ ಸೆಲ್‌ನಿಂದ. ಹೆಚ್ಚಿನ ದೇಶಗಳಲ್ಲಿ ಅದು 433.92 ಮೆಗಾಹರ್ಟ್ಸ್‌ನಲ್ಲಿ, ಅಮೆರಿಕ ಮತ್ತು ಜಪಾನಿನ ಕಾರುಗಳಲ್ಲಿ 315 ಮೆಗಾಹರ್ಟ್ಸ್ ಸುತ್ತಮುತ್ತ ಸಂಕೇತ ಕಳಿಸುತ್ತದೆ. ಬೇರೆ ದೇಶದಿಂದ ತರಿಸಿದ ಕೀ ನೋಡಲು ಒಂದೇ ಥರ ಇದ್ದರೂ ನಿಮ್ಮ ಕಾರಿಗೆ ಹೊಂದದಿರುವುದಕ್ಕೆ ಇದೂ ಒಂದು ಕಾರಣ. ಇದು ರೇಡಿಯೋ ಸಂಕೇತ. ಟಿವಿ ರಿಮೋಟ್ ಪರೀಕ್ಷೆ ಮಾಡುವ ಹಾಗೆ ಮೊಬೈಲ್ ಕ್ಯಾಮೆರಾದ ಮುಂದೆ ಹಿಡಿದು ಒತ್ತಿದರೆ ಏನೂ ಕಾಣುವುದಿಲ್ಲ. ಹಾಗೆ ನೋಡಿ ರಿಮೋಟ್ ಸತ್ತಿದೆ ಎಂದು ತೀರ್ಮಾನಿಸಬೇಡಿ.

ಸೆಲ್ ಇಳಿಯುವ ಮುನ್ನ ಸೂಚನೆ ಸಿಗುತ್ತದೆ. ಮೊದಲು ದೂರದಿಂದಲೇ ತೆರೆಯುತ್ತಿದ್ದ ಬಾಗಿಲಿಗೆ ಈಗ ಹತ್ತಿರ ಹೋಗಿ ಎರಡು ಮೂರು ಸಲ ಒತ್ತಬೇಕಾಗುತ್ತದೆ. ಕೀ ಬಿಚ್ಚಿದರೆ ಸೆಲ್‌ನ ಮೇಲೆ ಸಿಆರ್ 2032 ಅಥವಾ ಸಿಆರ್ 2025 ಎಂದು ಬರೆದಿರುತ್ತದೆ. ಮೊದಲ ಎರಡು ಅಂಕಿ ಅಗಲ, ಅಂದರೆ 20 ಮಿಲಿಮೀಟರ್. ಕೊನೆಯ ಎರಡು ದಪ್ಪ, ಅಂದರೆ 3.2 ಅಥವಾ 2.5 ಮಿಲಿಮೀಟರ್. 2032ರ ಜಾಗದಲ್ಲಿ ತೆಳುವಾದ 2025 ಹಾಕಿದರೆ ಅಂದಿನ ಮಟ್ಟಿಗೆ ನಡೆದೀತು. ಆದರೆ ಕೆಳಗಿನ ತಗಡಿನ ಪಟ್ಟಿ ಸರಿಯಾಗಿ ಒತ್ತಿಕೊಳ್ಳದೆ ಒಮ್ಮೆ ಕೆಲಸ ಮಾಡಿ ಒಮ್ಮೆ ಕೈಕೊಡುತ್ತದೆ. ಮಲ್ಟಿಮೀಟರ್ ಇಟ್ಟು ಮೂರು ವೋಲ್ಟ್ ತೋರಿಸಿತೆಂದು ಸೆಲ್ ಚೆನ್ನಾಗಿದೆ ಎನ್ನಲೂ ಆಗುವುದಿಲ್ಲ. ಸುಮ್ಮನಿದ್ದಾಗ ಮೂರು ತೋರಿಸುವ ಹಳೆಯ ಸೆಲ್ ಬಟನ್ ಒತ್ತಿದ ಕ್ಷಣಕ್ಕೆ ಕುಸಿಯುವುದುಂಟು. ಹೊಸದೊಂದನ್ನು ಹಾಕಿ ನೋಡುವುದೇ ಸುಲಭದ ಪರೀಕ್ಷೆ. ತೆಗೆದ ಹಳೆಯ ಸೆಲ್ ಮೇಜಿನ ಮೇಲೆ ಬಿದ್ದಿರಬಾರದು. ಮಗು ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳ ಸುಟ್ಟುಹೋಗಬಹುದು. ಹಾಗೇನಾದರೂ ಆದರೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಸೆಲ್ ಬದಲಿಸಿದರೂ ಬಾಗಿಲು ತೆರೆಯದಿದ್ದರೆ "ಸಿಂಕ್ ತಪ್ಪಿದೆ" ಎನ್ನುತ್ತಾರೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ರಿಮೋಟ್ ಪ್ರತಿ ಸಲ ಹೊಸ ಸಂಕೇತ ಕಳಿಸುತ್ತದೆ. ಒಮ್ಮೆ ಬಳಸಿದ್ದನ್ನು ಕಳ್ಳನೊಬ್ಬ ಹಿಡಿದಿಟ್ಟು ಮತ್ತೆ ಕಳಿಸಿದರೆ ಕಾರು ಒಪ್ಪಬಾರದಲ್ಲ, ಅದಕ್ಕೆ ಈ ಏರ್ಪಾಡು. ಒಂದೇ ಪುಸ್ತಕದ ಎರಡು ಪ್ರತಿ ಹಿಡಿದ ಇಬ್ಬರು ಒಂದೊಂದೇ ಪುಟ ತಿರುಗಿಸುತ್ತಾ ಹೋದಂತೆ, ಕೀ ಮತ್ತು ಕಾರು ಎರಡೂ ಲೆಕ್ಕವನ್ನು ಜೊತೆಯಲ್ಲೇ ಮುಂದಕ್ಕೆ ಒಯ್ಯುತ್ತವೆ. ಕಾರಿನಿಂದ ದೂರದಲ್ಲಿ ಮಗುವಿನ ಕೈಗೆ ಕೀ ಸಿಕ್ಕಿ ಬಟನ್ ಒತ್ತುತ್ತಲೇ ಇದ್ದರೆ ಕೀ ಮುಂದೆ ಹೋಗುತ್ತದೆ, ಕಾರು ಹಿಂದೆ ಉಳಿಯುತ್ತದೆ. ಬಹಳ ಕಾಲ ಬಳಕೆಯಲ್ಲಿರುವ ಕೀಲಾಕ್ ಎಂಬ ಪದ್ಧತಿಯಲ್ಲಿ ಸಾಮಾನ್ಯವಾಗಿ 16 ಹೆಜ್ಜೆಯೊಳಗಿನ ವ್ಯತ್ಯಾಸವನ್ನು ಕಾರು ತಕರಾರಿಲ್ಲದೆ ಒಪ್ಪುತ್ತದೆ. ಅದಕ್ಕಿಂತ ಮುಂದೆ ಹೋಗಿದ್ದರೆ ಬೆನ್ನುಬೆನ್ನಿಗೆ ಬಂದ ಎರಡು ಸಂಕೇತ ಸರಿಯಿದ್ದಾಗ ಮಾತ್ರ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಆದ್ದರಿಂದ ಕಾರಿನ ಪಕ್ಕವೇ ನಿಂತು ಲಾಕ್ ಬಟನ್ ಎರಡು ಮೂರು ಸಲ ಬಿಡದೆ ಒತ್ತಿ. ಎಷ್ಟೋ ಕೀಗಳು ಅಷ್ಟಕ್ಕೇ ದಾರಿಗೆ ಬರುತ್ತವೆ. ಬರದಿದ್ದರೆ ಕಾರಿನ ಜೊತೆ ಕೊಟ್ಟ ಕೈಪಿಡಿ ತೆಗೆಯಿರಿ. ಇಗ್ನಿಷನ್ ಆನ್ ಮಾಡಿ ಇಂತಿಷ್ಟು ಸೆಕೆಂಡಿನೊಳಗೆ ಬಟನ್ ಹಿಡಿಯಿರಿ ಎಂಬ ಕ್ರಮ ಕೆಲವು ಮಾದರಿಗಳಿಗೆ ಇದೆ, ಕೆಲವಕ್ಕೆ ಇಲ್ಲವೇ ಇಲ್ಲ. ಬೇರೆ ಮಾದರಿಯ ಕ್ರಮವನ್ನು ನಿಮ್ಮ ಕಾರಿನ ಮೇಲೆ ಪ್ರಯೋಗ ಮಾಡಬೇಡಿ.

ಒಂದೇ ಜಾಗದಲ್ಲಿ ಮಾತ್ರ ರಿಮೋಟ್ ಕೆಲಸ ಮಾಡುವುದಿಲ್ಲ, ಕಾರು ಅಲ್ಲಿಂದ ಆಚೆ ಬಂದರೆ ಸರಿ ಎಂದಾದರೆ ತಪ್ಪು ಕೀಯದ್ದಲ್ಲ, ಅಲ್ಲಿನ ರೇಡಿಯೋ ಗದ್ದಲದ್ದು. ಕಾರಿನೊಳಗೆ ಚುಚ್ಚಿದ ಅಗ್ಗದ ಮೊಬೈಲ್ ಚಾರ್ಜರ್ ಕೂಡ ಇದೇ ತೊಂದರೆ ಕೊಡಬಲ್ಲದು. ತೆಗೆದು ನೋಡಿ.

ಈಗ ಇಂಜಿನ್ ಕಡೆ ಬರೋಣ. ಇಮ್ಮೊಬಿಲೈಸರ್ ಚಿಪ್‌ಗೆ ಸೆಲ್ ಬೇಕಿಲ್ಲ. ಕೀ ತೂರಿಸುವ ಜಾಗದ ಸುತ್ತ ತಂತಿಯ ಸುರುಳಿಯೊಂದಿದೆ. ಇಗ್ನಿಷನ್ ಆನ್ ಮಾಡಿದಾಗ ಅದು ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರ ಹೊಮ್ಮಿಸುತ್ತದೆ. ಅದರಿಂದಲೇ ಚಿಪ್‌ಗೆ ವಿದ್ಯುತ್ ಸಿಗುತ್ತದೆ. ಕಾರು ಒಂದು ಪ್ರಶ್ನೆ ಕಳಿಸುತ್ತದೆ, ಚಿಪ್ ತನ್ನಲ್ಲಿರುವ ಗುಟ್ಟಿನ ಸಂಖ್ಯೆಯಿಂದ ಲೆಕ್ಕ ಹಾಕಿ ಉತ್ತರ ಕೊಡುತ್ತದೆ. ಉತ್ತರ ತಪ್ಪಿದರೆ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಇಂಧನ ಬಿಡುವುದಿಲ್ಲ.

ಚಿಪ್‌ಗೆ ಸೆಲ್ ಬೇಕಿಲ್ಲದ ಕಾರಣ ಕೀ ತಿರುಗಿಸುವ ಕಾರಿನಲ್ಲಿ ರಿಮೋಟಿನ ಸೆಲ್ ಪೂರ್ತಿ ಸತ್ತಿದ್ದರೂ ಇಂಜಿನ್ ಸ್ಟಾರ್ಟ್ ಆಗಲೇಬೇಕು. ಬಟನ್ ಸ್ಟಾರ್ಟ್ ಕಾರಿನಲ್ಲಿ ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಅಥವಾ ಕೈಪಿಡಿ ಹೇಳುವ ಜಾಗದಲ್ಲಿಟ್ಟು ಒತ್ತಬೇಕು. ಬಾಗಿಲಿಗೆ ಆ ಕೀ ಒಳಗೇ ಅಡಗಿರುವ ಲೋಹದ ಕೀ ಇದೆ. ಇದು ಗೊತ್ತಿಲ್ಲದೆ ಹೊತ್ತಲ್ಲದ ಹೊತ್ತಿನಲ್ಲಿ ಕಾರಿನ ಹೊರಗೆ ನಿಂತು ಪರದಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೀಟರ್ ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರವಿರುವ ದೀಪ ನೋಡಿ. ಸಾಮಾನ್ಯವಾಗಿ ಇಗ್ನಿಷನ್ ಹಾಕಿದ ಮೇಲೆ ಹತ್ತಿ ಕೆಲವು ಸೆಕೆಂಡಿಗೆ ಆರಿದರೆ ಕಾರು ಕೀಯನ್ನು ಒಪ್ಪಿದೆ. ಬೇಗ ಬೇಗ ಮಿನುಗಿದರೆ ಒಪ್ಪಿಲ್ಲ. ಸೆಲ್ಫ್ ಹೊಡೆದಾಗ ಇಂಜಿನ್ ತಿರುಗಿ ಹತ್ತಿಕೊಳ್ಳದಿರುವುದು, ಇಲ್ಲವೇ ಹತ್ತಿ ಒಂದೆರಡು ಸೆಕೆಂಡಿಗೆ ಆರಿಹೋಗುವುದು ಇದರ ಲಕ್ಷಣ. ಸೆಲ್ಫ್ ತೆಗೆದುಕೊಳ್ಳದೆ ಟಕ್ ಟಕ್ ಸದ್ದಾಗಿ ದೀಪಗಳೆಲ್ಲ ಮಂಕಾದರೆ ಅನುಮಾನ ಕಾರಿನ ಬ್ಯಾಟರಿ ಮೇಲೆ ಹೋಗಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಇರುತ್ತದೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ತೀರಾ ಕುಸಿದರೆ ಇಮ್ಮೊಬಿಲೈಸರ್ ಕೂಡ ದಿಕ್ಕುತಪ್ಪಿ, ಚೆನ್ನಾಗಿರುವ ಕೀಯನ್ನೇ ತಿರಸ್ಕರಿಸಬಹುದು.

ಬ್ಯಾಟರಿ ಸರಿಯಿದ್ದರೆ ಕೀಗೊಂಚಲಿನಿಂದ ಈ ಕೀಯೊಂದನ್ನೇ ಬಿಡಿಸಿ ತಿರುಗಿಸಿ. ಪಕ್ಕದಲ್ಲಿ ಇನ್ನೊಂದು ಕಾರಿನ ಚಿಪ್ ಕೀ ನೇತಾಡುತ್ತಿದ್ದರೆ ಎರಡೂ ಒಟ್ಟಿಗೆ ಉತ್ತರ ಕೊಟ್ಟು ಗೊಂದಲವಾಗುತ್ತದೆ. ಆಮೇಲೆ ಇದೇ ಕಾರಿನ ಎರಡನೇ ಕೀ ಹಾಕಿ ನೋಡಿ. ಅದು ನಡೆದರೆ ದೋಷ ಮೊದಲ ಕೀಯದ್ದು. ಎರಡೂ ನಡೆಯದಿದ್ದರೆ ಸುರುಳಿ, ವೈರಿಂಗ್ ಅಥವಾ ಮಾಡ್ಯೂಲ್, ಅಂದರೆ ಕಾರಿನಲ್ಲಿ ಇಮ್ಮೊಬಿಲೈಸರ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಇವುಗಳ ಕಡೆ ನೋಡಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಸವೆದ ಕೀಗೆ ಹೊಸ ಕವಚ ಹಾಕಿಸಿದ ಮೇಲೆ ಇಂಜಿನ್ ಸ್ಟಾರ್ಟ್ ಆಗದಿದ್ದರೆ ಹಳೆಯ ಕವಚ ಎಲ್ಲಿದೆ ಎಂದು ಹುಡುಕಿ. ಎಷ್ಟೋ ಕೀಗಳಲ್ಲಿ ಚಿಪ್ ಬೋರ್ಡಿನ ಮೇಲಿರುವುದಿಲ್ಲ. ಕವಚದ ಮೂಲೆಯ ಗುಳಿಯಲ್ಲಿ ಬೇರೆಯಾಗಿ ಕೂತಿರುತ್ತದೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಗಾಜಿನ ಕೊಳವೆ, ಇಲ್ಲವೇ ಕಪ್ಪನೆಯ ಚಿಕ್ಕ ತುಂಡು. ಪ್ಲಾಸ್ಟಿಕ್ ಚೂರೆಂದುಕೊಂಡು ಅದನ್ನು ಕಸಕ್ಕೆ ಎಸೆಯುತ್ತಾರೆ. ಕವಚ ಬದಲಿಸುವಾಗ ಕಣ್ಣೆದುರೇ ಮಾಡಿಸಿ, ಹಳೆಯದನ್ನು ಕೇಳಿ ಪಡೆಯಿರಿ.

ಗ್ಯಾರೇಜಿನವರು ಕಾರಿಗೆ ಜೋಡಿಸಿ ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ ಪಿ0513 ಬಂದರೆ ಇಮ್ಮೊಬಿಲೈಸರ್ ಕೀ ಸರಿಯಿಲ್ಲ ಎಂದು ಕಾರು ಹೇಳುತ್ತಿದೆ. ಯು0167 ಬಂದರೆ ಇಮ್ಮೊಬಿಲೈಸರ್ ಮಾಡ್ಯೂಲ್ ಜೊತೆ ಸಂಪರ್ಕವೇ ತಪ್ಪಿದೆ, ಕೀ ಬದಲಿಸಿ ಪ್ರಯೋಜನವಿಲ್ಲ. ಯಾವ ಕೋಡ್ ಬಂತು ಎಂದು ಕೇಳಿ ಬರೆದುಕೊಳ್ಳಿ.

ಹೊಸ ಕೀ ನೋಂದಾಯಿಸಲು ಸಾಮಾನ್ಯವಾಗಿ ಕಾರಿನ ಪಿನ್ ಸಂಖ್ಯೆಯೂ ತಕ್ಕ ಉಪಕರಣವೂ ಬೇಕು. ತಪ್ಪು ಪಿನ್ ಮತ್ತೆ ಮತ್ತೆ ಒತ್ತಿದರೆ ಕೆಲವು ಕಾರುಗಳು ಸ್ವಲ್ಪ ಹೊತ್ತು ಯಾವ ಪಿನ್ ಅನ್ನೂ ಒಪ್ಪುವುದಿಲ್ಲ. ಹೋಗುವಾಗ ಮನೆಯಲ್ಲಿರುವ ಎಲ್ಲ ಕೀಗಳನ್ನೂ ಒಯ್ಯಿರಿ. ಹೊಸದನ್ನು ಸೇರಿಸುವಾಗ ಎಷ್ಟೋ ಕಾರುಗಳು ಹಳೆಯ ಪಟ್ಟಿಯನ್ನು ಅಳಿಸಿ ಎದುರಿಗಿದ್ದ ಕೀಗಳನ್ನು ಮಾತ್ರ ಬರೆದುಕೊಳ್ಳುತ್ತವೆ. ಇರುವುದು ಒಂದೇ ಕೀ ಎಂದಾದರೆ ಅದು ಕೆಲಸ ಮಾಡುತ್ತಿರುವಾಗಲೇ ಎರಡನೆಯದನ್ನು ಮಾಡಿಸಿ. ಒಂದೂ ಇಲ್ಲದ ಮೇಲೆ ಕಾರನ್ನೇ ಎಳೆಸಬೇಕಾದೀತು, ಕೆಲವು ಮಾದರಿಗಳಲ್ಲಿ ಮಾಡ್ಯೂಲ್ ಬಿಚ್ಚಬೇಕಾದೀತು. ಕಾರು ಕೊಂಡಾಗ ಕೊಟ್ಟ ಕೀ ನಂಬರಿನ ಪುಟ್ಟ ತಗಡು ಮತ್ತು ಪಿನ್ ಇರುವ ಚೀಟಿಯನ್ನು ಕಾರಿನೊಳಗೆ ಇಡಬೇಡಿ. ಮನೆಯಲ್ಲಿ ಕಾಗದಪತ್ರಗಳ ಜೊತೆ ಇಡಿ. ನಮಸ್ಕಾರ.