ಅಪ್ಪನ ಹಳೇ ಕಾರಿನ ಡೆಂಟ್, ಬಣ್ಣ ಮುಟ್ಟದೆ ತೆಗೆದಿದ್ದು

ಹಿಂದಿನ ಬಾಗಿಲು ನೋಡಿ. ಹಿಡಿಕೆಯಿಂದ ಒಂದು ಗೇಣು ಕೆಳಗೆ. ಎದುರಿಗೆ ನಿಂತು ನೋಡಿದರೆ ಏನೂ ಇಲ್ಲ, ಅಲ್ವಾ? ಈಗ ಕ್ಯಾಮೆರಾ ಸ್ವಲ್ಪ ಪಕ್ಕಕ್ಕೆ ತರುತ್ತೇನೆ. ಕಂಡಿತಾ? ಅಂಗೈ ಅಗಲದ ತಗ್ಗು. ಪಕ್ಕದಲ್ಲಿ ನಿಂತಿದ್ದ ಗಾಡಿಯ ಬಾಗಿಲು ಬಡಿದು ಆಗಿದ್ದು.

ಇದು ಅಪ್ಪ ಓಡಿಸುತ್ತಿದ್ದ ಕಾರು, 20 ವರ್ಷ ದಾಟಿದೆ. ಈ ಬಾಗಿಲಿನ ಬಣ್ಣ ಇನ್ನೂ ಕಂಪನಿಯಿಂದ ಬಂದದ್ದೇ. ಟಿಂಕರಿಂಗ್‌ಗೆ ಕೊಟ್ಟರೆ ತಗ್ಗಿಗೆ ಪುಟ್ಟಿ ಮೆತ್ತಿ, ಉಜ್ಜಿ, ಪೂರ್ತಿ ಬಾಗಿಲಿಗೆ ಹೊಸ ಬಣ್ಣ ಹೊಡೆಯುತ್ತಾರೆ. ಆಮೇಲೆ ಮುಂದಿನ ಬಾಗಿಲು ಒಂದು ಬಣ್ಣ, ಹಿಂದಿನದು ಒಂದು ಬಣ್ಣ. ಇಷ್ಟು ವರ್ಷ ಬಿಸಿಲಿಗೆ ಮಾಸಿದ ಬಣ್ಣ ಡಬ್ಬಿಯಲ್ಲಿ ಸಿಗುವುದಿಲ್ಲವಲ್ಲ. ಅದನ್ನು ಉಳಿಸಿಕೊಳ್ಳಬೇಕು ಅನ್ನೋದು ಒಂದೇ ಆಸೆ ನನಗೆ. ಅದಕ್ಕೇ ಹೊರಗಿಂದ ಗ್ಲೂ ಅಂಟಿಸಿ ಎಳೆದು, ಒಳಗಿಂದ ರಾಡಿನಲ್ಲಿ ಒತ್ತಿ ತಗ್ಗು ಎಬ್ಬಿಸುವ ದಾರಿ ಹಿಡಿದೆ.

ಹಳೇ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಡೆಂಟ್ ಅಲ್ಲ, ಬಣ್ಣ. ತಗ್ಗಿನೊಳಗೆ ಕೂದಲೆಳೆಯಷ್ಟು ಬಿರುಕು ಇದ್ದರೂ ಈ ದಾರಿ ಬೇಡ, ತಗಡು ಎದ್ದು ಬರುವಾಗ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಎರಡನೆಯದು, ಒಳಗೆ ಪುಟ್ಟಿ ಇದೆಯಾ ಅನ್ನೋದು. ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲ ಮೇಲೆ ಆಡಿಸಿದೆ. ಎಲ್ಲಾ ಕಡೆ ಒಂದೇ ಸಮ ಗಟ್ಟಿಯಾಗಿ ಹಿಡಿಯಿತು. ಹಾಗೇ ಮುಂದಿನ ಫೆಂಡರ್ ಮೇಲೂ ಇಟ್ಟೆ, ಅಲ್ಲಿ ಜಾರಿ ಬಿತ್ತು. ಅಪ್ಪನನ್ನು ಕೇಳಿದರೆ, ಹೌದು, ಅಲ್ಲಿ ಒಂದ್ಸಲ ಪುಟ್ಟಿ ಹಾಕಿಸಿದ್ದೆ ಅಂದರು. ಅಂಥ ಜಾಗಕ್ಕೆ ಗ್ಲೂ ಹಚ್ಚಿ ಎಳೆದರೆ ಪುಟ್ಟಿ ಸಮೇತ ಬಣ್ಣ ಕೈಗೆ ಬರುತ್ತದೆ. ಅದನ್ನು ನಾನು ಮುಟ್ಟಲಿಲ್ಲ. ನಿಮ್ಮ ಕಾರಿನ ಬಾಡಿ ಅಲ್ಯೂಮಿನಿಯಂ ಆಗಿದ್ದರೆ ಅಯಸ್ಕಾಂತ ಎಲ್ಲೂ ಅಂಟುವುದಿಲ್ಲ, ಅದೂ ನೆನಪಿರಲಿ.

ಕುದಿಯುವ ನೀರು ಸುರಿದರೆ ಡೆಂಟ್ ಹೋಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಅದು ಪ್ಲಾಸ್ಟಿಕ್ ಬಂಪರ್‌ಗೆ. ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾಗುತ್ತದೆ, ಉಕ್ಕಿನ ತಗಡು ಆಗುವುದಿಲ್ಲ. ಬಾಗಿಲಿಗೆ ಸುಮ್ನೆ ನೀರು ಸುರಿಯಬೇಡಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಈ ಬಿಳಿ ಹಾಳೆ ನೋಡಿ, ಇದರ ಮೇಲೆ ಕಪ್ಪು ಇನ್ಸುಲೇಷನ್ ಟೇಪನ್ನು ಸಾಲಾಗಿ ಅಂಟಿಸಿದ್ದೇನೆ, ಅಷ್ಟೇ. ಬಾಗಿಲ ಎದುರಿಗೆ ಇಟ್ಟು ಮೇಲಿಂದ ಲೈಟ್ ಬಿಟ್ಟರೆ ಗೆರೆಗಳು ಬಣ್ಣದಲ್ಲಿ ಕನ್ನಡಿಯ ಹಾಗೆ ಕಾಣುತ್ತವೆ. ಚೆನ್ನಾಗಿರುವ ಕಡೆ ಗೆರೆ ನೆಟ್ಟಗೆ ಹೋಗುತ್ತದೆ. ತಗ್ಗಿನ ಹತ್ತಿರ ಬಂದ ಕೂಡಲೇ ಬಾಗುತ್ತದೆ. ಅದರ ಸುತ್ತ, ನೋಡಿ ಇಲ್ಲಿ, ಗೆರೆಗಳು ಸಣ್ಣಗಾಗಿ ಒತ್ತೊತ್ತಾಗಿವೆ. ಅದು ಉಬ್ಬು. ಪೆಟ್ಟು ಬಿದ್ದಾಗ ನಡುವಿನ ತಗಡು ಒಳಗೆ ಹೋಗುತ್ತದೆ, ಸುತ್ತಲಿನದು ಬಳೆಯ ಹಾಗೆ ಮೇಲೇಳುತ್ತದೆ, ಆ ಬಳೆಯೇ ತಗ್ಗನ್ನು ಬಿಗಿ ಹಿಡಿದಿರುತ್ತದೆ. ನಾನು ಎಷ್ಟೋ ದಿನ ತಗ್ಗನ್ನು ಮಾತ್ರ ನೋಡುತ್ತಿದ್ದೆ. ಉಬ್ಬು ಕಣ್ಣಿಗೆ ಬಿದ್ದ ಮೇಲೆಯೇ ಕೆಲಸ ಅರ್ಥವಾಗಿದ್ದು.

ಮೊದಲು ಗ್ಲೂ. ಜಿಡ್ಡು ತೆಗೆಯುವ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತಗ್ಗನ್ನು ಒರೆಸಿ, ಟ್ಯಾಬ್ ಅನ್ನೋ ಸಣ್ಣ ಪ್ಲಾಸ್ಟಿಕ್ ಬಿಲ್ಲೆಗೆ ಗ್ಲೂ ಗನ್‌ನಿಂದ ಬಿಸಿ ಗ್ಲೂ ಹಾಕಿ ಅಂಟಿಸಿದೆ, ಆರಿದ ಮೇಲೆ ಟ್ಯಾಬ್ ಹಿಡಿದು ಎಳೆಯುವ ಪುಲ್ಲರ್ ಕೂರಿಸಿ ಎಳೆದೆ. ಟಕ್ ಅಂತ ಟ್ಯಾಬ್ ಕಿತ್ತು ಬಂತು, ತಗಡು ಅಲ್ಲಾಡಲಿಲ್ಲ. ಹಳೇ ಪಾಲಿಶ್‌ನ ಜಿಡ್ಡು ಇನ್ನೂ ಇತ್ತು. ಮತ್ತೆ ಎರಡು ಸಲ ಒರೆಸಿದೆ, ಈ ಸಲ ಹಿಡಿಯಿತು. ಒಂದೇ ಸಲ ಜೋರಾಗಿ ಎಳೆಯಬೇಡಿ. ನಾನು ಸ್ವಲ್ಪ ಎಳೆದೆ, ಸುತ್ತಲಿನ ಉಬ್ಬನ್ನು ತುದಿ ದುಂಡಗಿರುವ ನೈಲಾನ್ ಪಂಚ್ ಇಟ್ಟು ಮೆಲ್ಲಗೆ ತಟ್ಟಿದೆ, ಮತ್ತೆ ಎಳೆದೆ. ಟ್ಯಾಬ್ ಬಿಡಿಸಲು ಅದರ ಅಂಚಿಗೆ ಅದೇ ಆಲ್ಕೋಹಾಲ್ ನಾಲ್ಕು ಹನಿ ಬಿಟ್ಟರೆ ಗ್ಲೂ ತಾನಾಗಿ ಸಡಿಲವಾಗುತ್ತದೆ. ಆರು ಸಲ ಎಳೆದ ಮೇಲೆ ಅಂಗೈ ಅಗಲದ ತಗ್ಗು ಹೆಬ್ಬೆರಳಿನಷ್ಟಾಯಿತು.

ಉಳಿದದ್ದು ಒಳಗಿಂದ. ಬಾಗಿಲ ಒಳಗಿನ ಪ್ಯಾಡ್ ಬಿಚ್ಚಿ, ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದ ಹಾಗೆ ಬಿಡಿಸಿ, ಗಾಜು ಪೂರ್ತಿ ಮೇಲಕ್ಕೆ ಏರಿಸಿ ರಾಡ್ ಒಳಗೆ ತೂರಿಸಿದೆ. ತುದಿಗೆ ಟೇಪ್ ಸುತ್ತಿದ್ದೇನೆ. ಹೊರಗಿನಿಂದ ಹೇರ್ ಡ್ರೈಯರ್ ಹಿಡಿದು ಬಾಗಿಲು ಬೆಚ್ಚಗೆ ಮಾಡಿದೆ, ಕೈ ಇಟ್ಟರೆ ತಾಳಿಕೊಳ್ಳುವಷ್ಟು ಮಾತ್ರ. ಹಳೇ ಬಣ್ಣ ತಣ್ಣಗಿದ್ದಾಗ ಬಿರುಕು ಬಿಡುವುದು ಜಾಸ್ತಿ.

ಇಲ್ಲಿ ವಿಡಿಯೋ ನಿಧಾನ ಮಾಡಿದ್ದೇನೆ, ಗೆರೆಗಳ ಮೇಲೆ ಕಣ್ಣಿಡಿ. ರಾಡಿನ ತುದಿ ಒಳಗೆ ಎಲ್ಲಿದೆ ಅಂತ ನನಗೆ ಕಾಣುವುದಿಲ್ಲ. ಸ್ವಲ್ಪವೇ ಒತ್ತಿದೆ. ಒಂದು ಗೆರೆ, ಅಲ್ಲಿ, ನೀರು ಕದಡಿದ ಹಾಗೆ ನಡುಗಿತು. ತುದಿ ಅಲ್ಲಿದೆ. ನನಗೆ ಬೇಕಾದ ಜಾಗ ಅದಕ್ಕಿಂತ ಒಂದು ಬೆರಳು ಎಡಕ್ಕೆ. ಸರಿಸಿದೆ, ಮತ್ತೆ ಒತ್ತಿದೆ, ಈಗ ನಡುಗಿದ್ದು ತಗ್ಗಿನ ಅಂಚಿನಲ್ಲೇ. ಹಾಗೆ ಅಂಚಿನಿಂದ ಸುತ್ತುತ್ತಾ ಒಳಗೆ ಬರಬೇಕು. ಬಾಗಿಲಿನ ತಗಡು ಒಂದು ಮಿಲಿಮೀಟರ್‌ಗಿಂತಲೂ ತೆಳು, ಸುಮಾರು 0.7 ಅಥವಾ 0.8. ಅದರ ಮೇಲಿನ ಬಣ್ಣ ಹೆಚ್ಚುಕಡಿಮೆ 0.1. ನಾವು ಆಡುತ್ತಿರುವುದು ಇಷ್ಟರಲ್ಲೇ, ಹಾಗಾಗಿ ಬಲ ಹಾಕಿದರೆ ಕೆಟ್ಟಿತು.

ಒಂದು ಕಡೆ ನಾನು ಬಲ ಹಾಕಿಯೇ ಬಿಟ್ಟೆ. ನಡುವೆ ಸಾಸಿವೆ ಕಾಳಿನಷ್ಟು ಉಬ್ಬೆದ್ದಿತು. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು. ಎದೆ ಧಸಕ್ ಅಂತು. ಬಣ್ಣ ಬಿರಿದಿರಲಿಲ್ಲ. ಮತ್ತೆ ಬೆಚ್ಚಗೆ ಮಾಡಿ, ನೈಲಾನ್ ಪಂಚ್ ಇಟ್ಟು ಹತ್ತಿಪ್ಪತ್ತು ಸಲ ಹಗುರವಾಗಿ ತಟ್ಟಿ ಕೂರಿಸಿದೆ. ಈ ಒಂದು ಕಾಳಿಗೇ ಮುಕ್ಕಾಲು ಗಂಟೆ ಹೋಯಿತು.

ಒಟ್ಟು ಐದು ಗಂಟೆ. ಈಗ ಗೆರೆ ನೋಡಿ. ನೆಟ್ಟಗಿದೆ. ಕೆಳಗೆ, ಬಾಗಿಲಿನ ಮಡಿಕೆಯ ಹತ್ತಿರ ಮಾತ್ರ ಒಂದು ಸಣ್ಣ ಅಲೆ ಉಳಿದಿದೆ. ಅಲ್ಲಿ ತಗಡು ಮಡಚಿ ಹಿಗ್ಗಿದೆ, ಇನ್ನೂ ಒತ್ತಿದರೆ ಬಣ್ಣ ಬಿರಿಯುತ್ತದೆ. ಅದನ್ನು ಹಾಗೇ ಬಿಟ್ಟೆ, ಬೇಕಂತಲೇ ಬಿಟ್ಟೆ. ಚೂಪಾದ ಗೀರಿನಂಥ ಡೆಂಟ್ ಆಗಿದ್ದರೆ ನಾನು ಕೈ ಹಾಕುತ್ತಲೇ ಇರಲಿಲ್ಲ, ಅದು ಕೈ ಪಳಗಿದವರ ಕೆಲಸ.

ಮುಚ್ಚುವ ಮೊದಲು ಇನ್ನೊಂದು. ರಾಡು ಉಜ್ಜಿದ ಕಡೆ ಒಳಗಿನ ಬಣ್ಣ ಹೋಗಿರುತ್ತದೆ, ಬಿಟ್ಟರೆ ತುಕ್ಕು ಹಿಡಿಯುತ್ತದೆ. ತುಕ್ಕು ತಡೆಯುವ ವ್ಯಾಕ್ಸ್ ಒಳಗೆಲ್ಲಾ ಸ್ಪ್ರೇ ಮಾಡಿದೆ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗುವ ತೂತುಗಳಿರುತ್ತವೆ, ನಮ್ಮದರಲ್ಲಿ ಒಂದು ಮಣ್ಣು ಕಟ್ಟಿ ಪೂರ್ತಿ ಮುಚ್ಚಿತ್ತು. ಪ್ಲಾಸ್ಟಿಕ್ ಕಡ್ಡಿಯಲ್ಲಿ ಕೆದಕಿದರೆ ಒಂದು ಚಮಚ ಒಣ ಮಣ್ಣು ಉದುರಿತು. ಹಾಳೆಯನ್ನು ಮತ್ತೆ ಅಂಟಿಸಿ, ಪ್ಯಾಡ್ ಕೂರಿಸಿ, ಗಾಜಿನ ಮೇಲೆ ಒಂದು ಚೊಂಬು ನೀರು ಸುರಿದೆ. ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ, ಇಗೋ, ಆ ತೂತಿನಿಂದ ಹನಿ ಹನಿಯಾಗಿ ಇಳಿಯಿತು.